ಮೂವತ್ತೇಳನೇದು

ಬೆಲ್ಟು ನಂದು. ಹೊಲಿಗಿ ಮಷೀನಿಂದು.
ಕೇಳಿ ತಗೊಂಡಿದ್ದಲ್ಲ.
ಮೋಟರು ಪ್ರೆಸ್ಸಿಂದು, ಕಾಗದ ಕತ್ತರಿಸೋ ಮಷೀನಿಂದು,
ಪ್ರೆಸ್ಸು ಮುಚ್ಚಿದ ದಿನ ಪಗಾರದ ಬಾಕಿ ಬದಲು
ಸ್ಟೇಷನ್ ರೋಡಿನಿಂದ ಬೆಟಗೇರಿ ತನಕ ಹೊತ್ತು ತಂದಿದ್ರು ಇವರು.
ನೀರಿನ ಪೈಪಿನ ತುಂಡು, ಒಳಗ ಲಾರಿ ಟ್ಯೂಬಿನ ರಬ್ಬರು,
ಎರಡು ಉರುಳಿ. ಆತು ಯಂತ್ರ.

ಹಿತ್ತಲ ಪತ್ರಾಸದ ಕೆಳಗ ಹಗಲೂ ರಾತ್ರೀನೂ
ಒದ್ದಿ ಜ್ವಾಳ ಕೇರಿದ ಸಪ್ಪಳ.
ಓಣ್ಯಾಗಿನವರು ಕೇಳ್ತಾರ, 'ಏನ್ರೀ ಅಕ್ಕಾರ,
ರಾತ್ರಿಯೆಲ್ಲಾ ಏನು ಬೀಸ್ತೀರಿ?'
ಇವರಿಗೆ ಕೇಳಸೂದಿಲ್ಲ.
ಮೂವತ್ತು ವರ್ಷ ಮಷೀನಿನ ಮಗ್ಗಲ ನಿಂತ ಕಿವಿ.
ಡಬ್ಬಿ ಮ್ಯಾಲೆ ಅಂಗೈ ಇಟ್ಟು ಕೇಳತಾರ,
ಸೂಲಗಿತ್ತಿ ಬಸುರಿ ಹೊಟ್ಟಿ ಮ್ಯಾಲೆ ಇಟ್ಟಂಗ.

ಕಲ್ಲು ಆರಿಸೋದು ನೋಡಬೇಕು ನೀವು.
ಕಪ್ಪತ್ತಗುಡ್ಡದ ಕೆಂಪು ಪಟ್ಟೀವು,
ಕೊರ್ಲಹಳ್ಳಿ ಪೂಲಿನ ಕೆಳಗ ಹೊಳ್ಯಾಗಿನವು,
ಬೆಣಚು, ಬೆಣಚಿನ ತಮ್ಮಂದಿರು,
ದಾವಲಸಾಬ ಲಾರಿ ಹೋದಲ್ಲೆಲ್ಲಾ ಕಿಸೇದಾಗ ಹಾಕ್ಕೊಂಡು ಬಂದವು.
ಯಾ ಊರಿಂದೋ ಅಂದ್ರ ಅವಗೂ ನೆನಪಿಲ್ಲ,
'ಚಾ ಕುಡದಲ್ಲಿ ಸಿಕ್ಕಿತ್ತು ಮೋನಪ್ಪಣ್ಣ' ಅಂತಾನ.
ಒಂದೊಂದನ್ನೂ ಬಿಸಲಿಗೆ ಹಿಡದು, ನಾಲಿಗೀಲೆ ನೆಕ್ಕಿ,
ಚಾಕುವಿನ ತುದೀಲೆ ಗೀರಿ,
ಗೀರು ಬಿದ್ದದ್ದು ಬ್ಯಾರೆ, ಬೀಳದ್ದು ಬ್ಯಾರೆ.
ಕನ್ಯಾ ನೋಡಾಕ ಬಂದವರೂ ನನ್ನ ಇಷ್ಟು ನೋಡಿರಲಿಲ್ಲ.

'ಗಟ್ಟಿಗೆ ಗಟ್ಟಿ ಕೂಡಿದ್ರ ಹೊಳಪು,
ಗಟ್ಟಿಗೆ ಮೆತ್ತಂದು ಕೂಡಿದ್ರ ರಾಡಿ.'
ಕಿವುಡರು ಹೇಳೂ ಹಂಗ, ಓಣಿಗೆಲ್ಲಾ ಕೇಳೂ ಹಂಗ ಹೇಳಿ
ಎಣಿಸಿ ಹಾಕಿದ್ರು. ಮೂವತ್ತಾರು.
ಹಳೇ ಬಿಲ್ ಬುಕ್ಕಿನ ಬೆನ್ನಿಗೆ ಬರದ್ರು.

ಪುಡಿ ಹಾಕಿ ನೀರು ಹಾಕೂದರಾಗ ಕರೆಂಟು ಹೋತು.
ಚಾ ಕುಡಿಯಾಕ ಎದ್ರು.
ಆವಾಗ ಹಾಕಿದೆ ನಾನು.
ನಾನೂ ಕೇಳಿ ಹಾಕಿದ್ದಲ್ಲ.

ಅವ್ವನ ಕಲ್ಮರಗಿ ಒಡದು ಹನ್ನೊಂದು ವರ್ಷಾತು.
ಬಳಪದ ಕಲ್ಲಿಂದು. ಉಪ್ಪಿನಕಾಯಿ ಇಡತಿದ್ಲು.
ಲಕ್ಕುಂಡಿ ಕಡೆಯ ಮುದುಕ ಒಬ್ಬ
ಎರಡು ಸೇರು ಜ್ವಾಳಕ್ಕ ಕೊಟ್ಟು ಹೋಗಿದ್ದನಂತ.
ಅದರ ಕಂಠದ ಚೂರೊಂದು, ಅಡಕಿ ಹೋಳಿನಷ್ಟು,
ನನ್ನ ಹೊಲಿಗಿ ಡಬ್ಬ್ಯಾಗ ಗುಂಡಿಗಳ ನಡುವ ಇತ್ತು.
ಮೆತ್ತಂದು ಅಂತ ಗೊತ್ತಿರಲಿಲ್ಲೇನು?
ಉಗುರು ತಾಗಿದ್ರ ಬಿಳಿ ಗೀಟು ಬೀಳತಿತ್ತು, ಗೊತ್ತಿತ್ತು.
ಹೊಳೀಲಿ ಅಂತ ಹಾಕಿದೆ.
ಅದೂ ಕಲ್ಲಲ್ಲೇನು?

ನಾಕನೇ ರಾತ್ರಿ ಎದ್ದು ಹೋಗಿ
ನಾನೂ ಅಂಗೈ ಇಟ್ಟೆ. ಬೆಚ್ಚಗಿತ್ತು ಡಬ್ಬಿ.
ಎಲ್ಲಾವೂ ಒಂದ ಸಪ್ಪಳ.
ಅವ್ವಂದು ಯಾವುದು ತಿಳೀಲಿಲ್ಲ.

ಏಳನೇ ದಿನ ತೆರೆದ್ರು. ಬೂದಿ ಬಣ್ಣದ ಗಂಜಿ.
ಜರಡಿ ಹಿಡದು, ತೊಳದು, ಚಪ್ಪರದ ಕೆಳಗ ಸಾಲು ಹಚ್ಚಿ,
ಬಿಲ್ ಬುಕ್ಕು ತಗದು ಎಣಿಸಿದ್ರು. ಮೂವತ್ತಾರು.
'ಲೆಕ್ಕ ಬರೋಬರಿ ನೋಡು' ಅಂದ್ರು.
ಬರೋಬರಿ, ಅಂದೆ.
ಮತ್ತ ಗಂಜಿ ಎರಡು ಬೆರಳಾಗ ತಿಕ್ಕಿ
'ಈ ಸಲ ಯಾಕೋ ಬೆಣ್ಣಿ ಆದಂಗ ಆಗೈತಿ' ಅಂತ
ಮೂಗಿನ ತನಕ ಒಯ್ದರು.
ಇನ್ನ ನೆಕ್ಕತಾರ ಅಂತ ನನ್ನ ಜೀವ ಬಾಯಿಗೆ ಬಂತು.
ನೆಕ್ಕಲಿಲ್ಲ.

ಇನ್ನೂ ಮೂರು ವಾರ ಐತಿ.
ಸಣ್ಣ ಪುಡಿ, ಅದಕ್ಕೂ ಸಣ್ಣದು,
ಕಡೀಕ ಕನ್ನಡಿ ತಿಕ್ಕೂ ಗುಲಾಬಿ ಪುಡಿ.
ಮೋರಿಗೆ ಸುರುವಬ್ಯಾಡ, ಸಿಮೆಂಟ್ ಆಗಿ ಕೂಡತೈತಿ,
ಮೂಲ್ಯಾಗ ಕುಣಿ ತೋಡಿ ಹುಗಿ, ಅಂತ ಬಕೀಟು ಕೊಟ್ರು.
ಪೈಪಿನವಗ ಎಂಟನೂರು ಕೊಟ್ಟು ಕಲತ ಪಾಠ ಅದು.

ನಾ ಹುಗೀಲಿಲ್ಲ.
ನಿಂಬಿ ಗಿಡದ ಬುಡಕ್ಕ ಹಾಕಿದೆ.
ಕಾಯಿ ಹಿಡದ್ರ ಇಡಾಕ ಮರಗಿ ಇಲ್ಲ,
ಮುಚ್ಚಳ ಸಡಲಾದ ಪ್ಲಾಸ್ಟಿಕ್ ಭರಣಿ ಐತಿ.

ಬಕೀಟಿನ ಕಂಠಕ್ಕ ಬೂದಿ ಗೀಟೊಂದು ಕುಂತೈತಿ.
ನಾಳೆ ತೊಳದರಾತು.